ಬ್ಲೇಡಿನ ದುಡ್ಡು ಯಾರು ಕೊಡಬೇಕು?

ಈ ಸಲ ಮಳೆಗಾಲಕ್ಕೆ ಮುಂಚೆ ನಮ್ಮ ಸೊಸೈಟಿಯ ಹಿಂದಿನ ಖಾಲಿ ಜಾಗದಲ್ಲಿ ಬಿದ್ದಿದ್ದ ರಾಡಾರೋಡಾ ತೆಗೆಸಬೇಕು ಅಂತ ಕಮಿಟಿಯಲ್ಲಿ ತೀರ್ಮಾನ ಆಯ್ತು. ರಾಡಾರೋಡಾ ಅಂದ್ರೆ ಕಟ್ಟಡ ಒಡೆದ ಇಟ್ಟಿಗೆ, ಸಿಮೆಂಟು, ಕಲ್ಲುಗಳ ರಾಶಿ. ಪುಣೆಯಲ್ಲಿರೋ ಕನ್ನಡಿಗರಿಗೆ ಈ ಪದ ಹೊಸದಲ್ಲ ಬಿಡಿ. ಜೆಸಿಬಿಯವನ ಹತ್ತಿರ ತಾಸಿನ ಬಾಡಿಗೆ ಮಾತಾಡೋ ಕೆಲಸ ನನ್ನ ಪಾಲಿಗೆ ಬಂತು. ಚೌಕಾಸಿ ಮಾಡಿ ತಾಸಿಗೆ ನೂರು ರೂಪಾಯಿ ಇಳಿಸಿದೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮುಂದೆ ಅದನ್ನ ಹೆಮ್ಮೆಯಿಂದ ಹೇಳ್ಕೊಂಡಿದ್ದೂ ಆಯ್ತು!

ಈಗ ಕೂತು ಬರೀತಾ ಇರೋದು ಆ ನೂರು ರೂಪಾಯಿ ಬಗ್ಗೆ.

ಗಾಡಿ ಬೆಳಿಗ್ಗೆ ಎಂಟಕ್ಕೇ ಬಂತು. ನಡೆಸೋ ಹುಡುಗನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಫೋನಿನಲ್ಲಿ ಮಾತಾಡ್ತಿದ್ದ ಧಾಟಿ ಕೇಳಿದ ಕೂಡಲೇ ಕಿವಿ ನೆಟ್ಟಗಾಯ್ತು. "ಯಾವೂರಪ್ಪಾ?" ಅಂದೆ. "ಇಂಡಿ ತಾಲೂಕ್ರೀ ಕಾಕಾ" ಅಂದ. ನಮ್ಮ ಕಡೆಯವನೇ! ಕೊಂಢವಾದಲ್ಲಿ ಇದೇನು ದೊಡ್ಡ ಆಶ್ಚರ್ಯ ಅಲ್ಲ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಎಷ್ಟೋ ಜನರ ಬೆವರು ಇಲ್ಲಿನ ಕಟ್ಟಡಗಳಲ್ಲಿದೆ. ಮೊದಲು ಬುಟ್ಟಿ ಹೊತ್ತರು, ಆಮೇಲೆ ಗವಂಡಿ ಆದರು, ಈಗ ಅವರ ಮಕ್ಕಳು ಗಾಡಿ ನಡೆಸ್ತಾರೆ. ಕೆಲವರು ಸಾಲ ಮಾಡಿ ಸ್ವಂತ ಗಾಡಿಯನ್ನೂ ತಗೊಂಡಿದ್ದಾರೆ.

ಚಹಾ ಕೊಟ್ಟು ಮಾತಾಡ್ತಾ ನಿಂತಾಗ ನನ್ನ ಕಣ್ಣು ಮುಂದಿನ ಬಕೆಟ್‌ನ ಅಂಚಿನ ಮೇಲೆ ಬಿತ್ತು. ನಡುವೆ ಅಲೆಅಲೆಯಾಗಿ ಸವೆದಿತ್ತು. ಎರಡೂ ಮೂಲೆ ಗುಂಡಗಾಗಿದ್ದವು.

"ತಮ್ಮಾ, ಬ್ಲೇಡ್ ಎಲ್ಲೈತಿ?"

"ಬ್ಲೇಡ್ ಮುಗದು ಎರಡ ತಿಂಗಳಾತ್ರೀ ಕಾಕಾ. ಮಾಲಕರಿಗೆ ಹೇಳೀನಿ. ಇನ್ನೊಂದ್ ಬಿಲ್ ಬರ್ಲಿ, ಹಾಕ್ಸೂಣು ಅಂದಾರ."

"ಅಷ್ಟರಾಗ ತುಟಿನ ತಿಂದ್ ಹೋಗ್ತೈತಲ್ಲೋ?"

"ಹೋಗ್ತೈತ್ರಿ. ಹೋದ್ರ, ಡ್ರೈವರ್‌ಗ ಗಾಡಿ ಹೊಡ್ಯಾಕ ಬರೂದಿಲ್ಲ ಅಂತಾರ."

ಇಷ್ಟು ಹೇಳಿ ನಕ್ಕು, ಲೋಟ ಕೈಗೆ ಕೊಟ್ಟು ಗಾಡಿ ಹತ್ತಿದ.

ಗಾಡಿಗಳ ಸಹವಾಸ ಇಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳದಿ ಗಾಡಿ ಯಾವುದು ಕಂಡರೂ ನಾವು ಜೆಸಿಬಿ ಅಂತೀವಿ. ನಿಜಕ್ಕೂ ಅದು ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅನ್ನೋರು 1945ರಲ್ಲಿ ಇಂಗ್ಲೆಂಡಿನಲ್ಲಿ ಶುರುಮಾಡಿದ ಕಂಪನಿಯ ಹೆಸರು. 1979ರಲ್ಲಿ ಆ ಹೆಸರು ಹರಿಯಾಣದ ಬಲ್ಲಭಗಢಕ್ಕೆ ಬಂತು. ಈಗ ನಮ್ಮ ಪುಣೆ ಪಕ್ಕದ ತಳೇಗಾಂವ್‌ನಲ್ಲೂ ಅವರ ಕಾರ್ಖಾನೆ ಇದೆ. ಗಾಡಿಯ ಮೂಲ ರೂಪ ಟ್ರ್ಯಾಕ್ಟರೇ: ಹಿಂದೆ ಅಗೆಯೋ ತೋಳು, ಮುಂದೆ ತುಂಬೋ ಬಕೆಟ್. ಊರಿನಲ್ಲಿ ಟ್ರ್ಯಾಕ್ಟರ್ ಮುಂದೆ ಲೋಡರ್ ಹಾಕಿಸಿದವರಿಗೂ ನಾನು ಹೇಳೋದು ಅನ್ವಯಿಸುತ್ತೆ.

ಮುಂದಿನ ಬಕೆಟ್‌ನ ಕೆಳ ಅಂಚಿಗೆ ದಪ್ಪ ಉಕ್ಕಿನ ಪಟ್ಟಿ ಬೆಸೆದಿರುತ್ತೆ. ಅದೇ ತುಟಿ. ಆ ತುಟಿಗೆ ಇನ್ನೊಂದು ಪಟ್ಟಿಯನ್ನ ಬೋಲ್ಟ್ ಹಾಕಿ ಬಿಗೀತಾರೆ. ಅದೇ ಬ್ಲೇಡು. ಬ್ಲೇಡು ತುಟಿಗಿಂತ ಮುಂದೆ ಚಾಚಿಕೊಂಡಿರುತ್ತೆ. ನೆಲ, ಕಲ್ಲು ಎಲ್ಲಾ ಮೊದಲು ತಾಗೋದು ಬ್ಲೇಡಿಗೆ. ಒಂದು ಬದಿ ಸವೆದ ಮೇಲೆ ಬಿಚ್ಚಿ ತಿರುಗಿಸಿ ಹಾಕಿದರೆ ಇನ್ನೊಂದು ಬದಿ ಹೊಸದಾಗೇ ಇರುತ್ತೆ. ಎರಡೂ ಬದಿ ಮುಗಿದಾಗ ಬ್ಲೇಡು ಗುಜರಿಗೆ, ಬಕೆಟ್ ಹಾಗೇ ಗಟ್ಟಿ. ಬ್ಲೇಡು ಇರೋದೇ ಸವೆಯೋಕೆ. ತುಟಿ ಹಾಗಲ್ಲ.

ನಾನು ಮೂವತ್ತು ವರ್ಷ ಇಲ್ಲೇ ಒಂದು ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಕಳೆದವನು. ಲೇಥಿನಲ್ಲಿ ಕಾರ್ಬೈಡ್ ಇನ್ಸರ್ಟ್ ಅಂತ ಇರುತ್ತೆ, ಉಗುರಿನಷ್ಟು ದೊಡ್ಡದು. ಒಂದು ಮೂಲೆ ಸವೆದರೆ ತಿರುಗಿಸಿ ಇನ್ನೊಂದು ಮೂಲೆ. ಎಲ್ಲಾ ಮುಗಿದರೆ ಎಸೆದು ಹೊಸದು. "ಇನ್ನೂ ಸ್ವಲ್ಪ ನಡೆಯುತ್ತೆ" ಅಂತ ಹಾಗೇ ಬಿಟ್ಟರೆ ಇನ್ಸರ್ಟ್ ಒಡೆದು ಅದನ್ನ ಹಿಡಿದಿರೋ ಹೋಲ್ಡರನ್ನೂ ತಿಂದುಹಾಕುತ್ತೆ. ಫ್ಯಾಕ್ಟರಿಯಲ್ಲಿ ಅದನ್ನ ಆಪರೇಟರ್ ತಪ್ಪು ಅಂತ ಯಾರೂ ಅನ್ನುತ್ತಿರಲಿಲ್ಲ. ಇನ್ಸರ್ಟಿನ ಖರ್ಚು ಪ್ರತಿ ಪೀಸಿನ ಬೆಲೆಯಲ್ಲೇ ಸೇರಿರುತ್ತಿತ್ತು. ಅದೇ ಲೆಕ್ಕ ಬೀದಿಯಲ್ಲಿ ನಿಂತ ಗಾಡಿಗೆ ಯಾಕಿಲ್ಲ?

ಕೊಂಢವಾದ ನೆಲ ಬೇರೆ ಸುಲಭದ್ದಲ್ಲ. ಕೆಳಗೆಲ್ಲಾ ಕರಿಕಲ್ಲು, ಮೇಲೆ ಅದೇ ಕಲ್ಲು ಹಣ್ಣಾಗಿ ಆದ ಮುರುಮ್. ನಮ್ಮ ಕಡೆ ಇದಕ್ಕೆ ಗರಸು ಅಂತೀವಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಲ್ಲು ಇದು. ತಮಾಷೆ ಅಂದ್ರೆ ನಮ್ಮ ಇಂಡಿ, ಸಿಂದಗಿಯ ಎರೆಹೊಲ ಕೂಡ ಇದೇ ಕಲ್ಲಿನಿಂದ ಹುಟ್ಟಿದ್ದು. ಅಲ್ಲಿ ಮಣ್ಣಾಗಿ ಜೋಳ ಬೆಳೆಯುತ್ತೆ, ಇಲ್ಲಿ ಕಲ್ಲಾಗೇ ಕೂತು ಬ್ಲೇಡು ತಿನ್ನುತ್ತೆ. ಈಗಿನ ಕಾಂಕ್ರೀಟಿಗೆ ನದಿಯ ಮರಳಿಗಿಂತ ಹೆಚ್ಚಾಗಿ ಇದೇ ಕಲ್ಲು ಪುಡಿಮಾಡಿದ ಮರಳು ಹಾಕ್ತಾರೆ. ಹಾಗಾಗಿ ರಾಡಾರೋಡಾ ಎತ್ತೋದು ಅಂದ್ರೆ ಬ್ಲೇಡನ್ನ ಸಾಣೆಕಲ್ಲಿಗೆ ಉಜ್ಜಿದ ಹಾಗೇನೇ.

ಇಲ್ಲಿ ನನಗೆ ಊರಿನ ಕಂಬಾರ ನೆನಪಾಗ್ತಾನೆ. ನಾನು ಸಣ್ಣವನಿದ್ದಾಗ ಬಿತ್ತನೆಗೆ ಮುಂಚೆ ಅಪ್ಪನ ಹಿಂದೆ ಕುಲುಮೆಗೆ ಹೋಗ್ತಿದ್ದೆ. ನೇಗಿಲ ಕುಡ ಸವೆದು ಮೊಂಡಾಗಿರುತ್ತಿತ್ತು. ಕಂಬಾರ ಅದನ್ನ ಕೆಂಪಗೆ ಕಾಯಿಸಿ, ಬಡಿದು, ಹಣಿದು, ನೀರಿಗಿಟ್ಟು ಕೊಡುತ್ತಿದ್ದ. ತಿದಿ ಒತ್ತೋದು ನನ್ನ ಕೆಲಸ. ಆದರೆ ಅಪ್ಪ ಅಲ್ಲಿ ದುಡ್ಡು ಕೊಟ್ಟಿದ್ದನ್ನ ನಾನು ನೋಡೇ ಇಲ್ಲ! ರಾಶಿ ಆದ ಮೇಲೆ ಕಣದಲ್ಲಿ ಕಂಬಾರನ ಪಾಲಿನ ಆಯ ಅಳೆದು ಕೊಡುತ್ತಿದ್ದರು. ವರ್ಷದಲ್ಲಿ ಮೂರು ಸಲ ಹೋಗಿ, ಹತ್ತು ಸಲ ಹೋಗಿ, ಕಾಳು ಅಷ್ಟೇ.

ಆಯದ ಪದ್ಧತಿಯಲ್ಲಿ ಎಲ್ಲಾ ಚೆನ್ನಾಗಿತ್ತು ಅಂತ ನಾನು ಹೇಳ್ತಾ ಇಲ್ಲ. ಕೊಡೋನ ಕೈ ಮೇಲೆ, ತಗೊಳ್ಳೋನ ಕೈ ಕೆಳಗೆ ಇತ್ತು. ಜಾತಿಯ ಕಟ್ಟು ಇತ್ತು. ಅದು ಹೋಗಿದ್ದು ಒಳ್ಳೇದೇ ಆಯ್ತು. ಆದರೆ ಅದರೊಳಗೆ ಒಂದು ತಿಳುವಳಿಕೆ ಇತ್ತು: ಕುಡ ಸವೆಯೋದು ಆಕಸ್ಮಿಕ ಅಲ್ಲ. ಉಳುಮೆ ಇದ್ದಲ್ಲಿ ಸವಕಳಿ ಇದ್ದೇ ಇರುತ್ತೆ, ಅದರ ಪಾಲು ಬೆಳೆಯಲ್ಲೇ ತೆಗೆದಿಡಬೇಕು ಅಂತ. ಅದಕ್ಕೇ "ಇನ್ನೊಂದು ತಿಂಗಳು ನಡೀಲಿ" ಅಂತ ಮೊಂಡು ಕುಡ ಹಾಕಿ ಎತ್ತಿನ ಹೆಗಲು ಮುರಿಯೋ ಕಾರಣ ಯಾರಿಗೂ ಇರಲಿಲ್ಲ.

ಇಲ್ಲಿ ಆಗ್ತಿರೋದು ನೋಡಿ. ಬ್ಲೇಡು ಹಾಕಿಸೋಕೆ ಬಿಲ್ಲು ಬರಬೇಕು, ಬಿಲ್ಲು ಬರೋಕೆ ಕಂಟ್ರಾಕ್ಟರು ದುಡ್ಡು ಬಿಡಬೇಕು. ಅಷ್ಟರಲ್ಲಿ ಕಂತಿನ ದಿನ ಬರುತ್ತೆ. ಮಾಲೀಕರನ್ನ ಬೈದು ಸುಮ್ಮನಾಗೋದು ಸುಲಭ. ಈ ಹುಡುಗನ ಮಾಲೀಕರೂ ನಮ್ಮ ಕಡೆಯವರೇ, ಎರಡು ಗಾಡಿ, ಎರಡಕ್ಕೂ ಸಾಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಮೊದಲು ಕಂತೇ ಕಟ್ತಿದ್ದೆನೋ ಏನೋ. ಆದರೆ ಲೆಕ್ಕ ಹಾಕಿದರೆ ಇದು ಉಳಿತಾಯವೇ ಅಲ್ಲ. ಮೊಂಡು ಅಂಚು ರಾಶಿಯೊಳಗೆ ಹೋಗಲ್ಲ, ಗಾಡಿ ಜಾಸ್ತಿ ನೂಕಬೇಕು, ಡೀಸೆಲ್ ಜಾಸ್ತಿ, ಟೈರು ಜಾರಿ ಸವೆಯುತ್ತೆ. ತುಟಿಯೇ ಹೋದರೆ ಅದನ್ನ ಗ್ಯಾಸಿನಲ್ಲಿ ಕತ್ತರಿಸಿ ಹೊಸ ಪಟ್ಟಿ ಬೆಸೀಬೇಕು. ಬೋಲ್ಟ್ ಬಿಚ್ಚಿ ತಿರುಗಿಸೋ ಅರ್ಧ ದಿನದ ಕೆಲಸದ ಬದಲು ಗಾಡಿ ದಿನಗಟ್ಟಲೆ ವೆಲ್ಡಿಂಗ್ ಅಂಗಡಿ ಮುಂದೆ ನಿಲ್ಲುತ್ತೆ.

ಬದಲಿ ಉಪಾಯಗಳೂ ಇವೆ. ಹಳೇ ಲಾರಿಯ ಕಮಾನು ಪಟ್ಟಿ ತಂದು ತುಟಿಗೆ ಬೆಸೆಯೋದನ್ನ ನೋಡಿದ್ದೀನಿ. ಪಟ್ಟಿ ಗಟ್ಟಿ ಹೌದು. ಆದರೆ ಅದರಲ್ಲಿ ಕಾರ್ಬನ್ ಜಾಸ್ತಿ. ಮೊದಲು ಕಾಯಿಸದೆ, ಸರಿಯಾದ ರಾಡ್ ಬಳಸದೆ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತೆ. ಇನ್ನು ಕೆಲವರು "ಇನ್ನೂ ಗಡುಸಾದ ಉಕ್ಕು ಹಾಕಿಬಿಡಿ, ಚಿಂತೆ ಇಲ್ಲ" ಅಂತಾರೆ. ಮಾಮೂಲಿ ಪ್ಲೇಟಿನ ಗಡಸುತನ ಬ್ರಿನೆಲ್ ಅಳತೆಯಲ್ಲಿ 120ರಿಂದ 150ರ ಸುತ್ತ ಇದ್ದರೆ, ಸವಕಳಿ ತಡೆಯೋ ಉಕ್ಕಿನದು 400, 500. ಖಂಡಿತ ಜಾಸ್ತಿ ಬಾಳುತ್ತೆ, ಹಾಕಿಸೋದೂ ಒಳ್ಳೇದೇ. ಅಂಚಿನ ಮೇಲೆ ಗಡುಸು ವೆಲ್ಡಿಂಗ್ ಗೆರೆ ಎಳೆಸೋದೂ ಮಣ್ಣು, ಮರಳಿನ ಕೆಲಸಕ್ಕೆ ಸರಿ. ಆದರೆ ತೀರಾ ಗಡುಸಾದದ್ದು ಬಂಡೆಗೆ ಬಡಿದಾಗ ಚಕ್ಕೆ ಏಳುತ್ತೆ. ಎಷ್ಟೇ ಗಟ್ಟಿ ಇರಲಿ, ಒಂದು ದಿನ ಸವೆಯುತ್ತೆ. ಯಾವ ಉಕ್ಕು ಹಾಕಿದರೂ ಅದನ್ನ ಬದಲಿಸೋಕೆ ದುಡ್ಡು ಎತ್ತಿಡೋದು ತಪ್ಪಲ್ಲ.

ಗಾಡಿ ಇಟ್ಟಿರೋ ನಮ್ಮವರಿಗೆ ನನ್ನ ಮಾತು ಇಷ್ಟೇ. ಬ್ಲೇಡಿನ ಅಂಚು ತುಟಿಯಿಂದ ಒಂದು ಬೆರಳು ದಪ್ಪ ಉಳಿದಿರುವಾಗಲೇ ತಿರುಗಿಸಿ, ಪೂರ್ತಿ ಮುಗಿಯೋವರೆಗೆ ಕಾಯಬೇಡಿ. ಮೂಲೆಗಳನ್ನ ಮೊದಲು ನೋಡಿ, ಹೆಚ್ಚಾಗಿ ಅವೇ ಮುಂಚೆ ಹೋಗೋದು. ಹಾಕೋ ಮುಂಚೆ ತುಟಿಗೆ ಅಂಟಿದ ಮಣ್ಣು, ತುಕ್ಕು ಕೆರೆದು ತೆಗೀರಿ, ಇಲ್ಲದಿದ್ದರೆ ಬ್ಲೇಡು ಸರಿಯಾಗಿ ಕೂರಲ್ಲ. ತಲೆ ಸವೆದ ಬೋಲ್ಟ್ ಮತ್ತೆ ಹಾಕಬೇಡಿ. ಹೊಸದು ಹಾಕಿ, ಕೆಲವು ತಾಸು ಕೆಲಸ ಆದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಿ. ಡ್ರೈವರ್ ಹುಡುಗರಿಗೂ ಒಂದು ಮಾತು: ನೆಲ ಸಾಪು ಮಾಡುವಾಗ ಬಕೆಟ್ಟನ್ನ ಒತ್ತಿ ಮುಂದಿನ ಗಾಲಿ ಎತ್ತಬೇಡಿ, ಫ್ಲೋಟಿನಲ್ಲಿ ಬಿಡಿ. ಬಕೆಟ್ಟಿನ ಮೂತಿ ಕೆಳಗೆ ಮಾಡಿ ಹಿಂದಕ್ಕೆ ಎಳೆಯೋ ಅಭ್ಯಾಸ ಕಡಿಮೆ ಮಾಡಿ.

ಆದರೆ ಮುಖ್ಯವಾಗಿ ಹೇಳಬೇಕಾಗಿರೋದು ಗಾಡಿ ಕರೆಸೋ ನಮ್ಮಂಥವರಿಗೆ. ಲೆಕ್ಕಕ್ಕೆ ಅಂತ ಹೀಗೆ ಹಿಡೀರಿ: ಬ್ಲೇಡು, ಬೋಲ್ಟು, ಕೂಲಿ ಎಲ್ಲಾ ಸೇರಿ 12,000 ರೂಪಾಯಿ, ಎರಡೂ ಬದಿ ಸೇರಿ 600 ತಾಸು ಬಂತು. ತಾಸಿಗೆ 20 ರೂಪಾಯಿ ಆಯ್ತು. ನೆಲ ನೋಡಿಕೊಂಡು ಇದು ಹೆಚ್ಚುಕಮ್ಮಿ ಆಗಬಹುದು, ಆದರೆ ಸೊನ್ನೆಯಂತೂ ಆಗಲ್ಲ. ನಾನು ಚೌಕಾಸಿ ಮಾಡಿ ಇಳಿಸಿದ್ದು ನೂರು! ಈ ಲೆಕ್ಕದಲ್ಲಿ ಬ್ಲೇಡಿನ ಪಾಲು ಐದು ಸಲ ಕಿತ್ತುಕೊಂಡ ಹಾಗಾಯ್ತು. ಸಾಲದು ಅಂತ ಸಂಜೆ ನಮ್ಮ ಕಮಿಟಿಯವರೊಬ್ಬರು "ಅಲ್ಲಿ ಗೇಟಿನ ಹತ್ತಿರ ಸಿಮೆಂಟು ಒಣಗಿ ಅಂಟಿದೆ, ಅದನ್ನೂ ಬಕೆಟ್ಟಿನಲ್ಲೇ ಕೆರೆದು ಹೋಗು" ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ಏನೂ ಅನ್ನಲಿಲ್ಲ. ಅವನು ಕೆರೆದ. ಬ್ಲೇಡಿಲ್ಲದ ತುಟಿ ಕಾಂಕ್ರೀಟಿನ ಮೇಲೆ ಉಜ್ಜುವಾಗ ಬರೋ ಸದ್ದು ಟೂಲ್‌ರೂಮಿನವನಿಗೆ ಚೆನ್ನಾಗಿ ಗೊತ್ತಾಗುತ್ತೆ. ಆದರೂ ಸುಮ್ಮನಿದ್ದೆ.

ಮೂರು ವಾರ ಆದ ಮೇಲೆ ಆ ಹುಡುಗನಿಗೆ ಫೋನ್ ಮಾಡಿದೆ, ಮನಸ್ಸು ತಡೀಲಿಲ್ಲ. ಬೇರೆ ಯಾವುದೋ ಸೈಟಿನಲ್ಲಿ ತುಟಿಯ ಮೂಲೆ ಕಿತ್ತುಕೊಂಡು ಹೋಯ್ತಂತೆ. ಗಾಡಿ ಎಂಟು ದಿನ ನಿಂತಿತ್ತು. ಆ ಎಂಟು ದಿನದ ಪಗಾರ ಇಲ್ಲ, ಬತ್ತೆ ಇಲ್ಲ. "ಇರ್ಲಿ ಬಿಡ್ರಿ ಕಾಕಾ, ಈಗ ಹೊಸಾ ಬ್ಲೇಡ್ ಹಾಕ್ಸ್ಯಾರ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರ ಆಗ್ತಿತ್ತು.

ಬ್ಲೇಡಿನ ದುಡ್ಡು ನಾವು ಕೊಡಲಿಲ್ಲ, ಮಾಲೀಕ ಕೊಡಲಿಲ್ಲ, ಕಂಟ್ರಾಕ್ಟರ್ ಕೊಡಲಿಲ್ಲ. ಕೊನೆಗೆ ಕೊಟ್ಟಿದ್ದು ಇಂಡಿ ತಾಲೂಕಿನ ಆ ಹುಡುಗ, ತನ್ನ ಎಂಟು ದಿನದ ಪಗಾರದಲ್ಲಿ.

ಹೋದ ಭಾನುವಾರ ಕಮಿಟಿ ಮೀಟಿಂಗಿನಲ್ಲಿ ಒಂದು ಮಾತು ಇಟ್ಟೆ. ಇನ್ನು ಮುಂದೆ ಗಾಡಿ ಕರೆಸಿದಾಗ ಮೊದಲು ಬ್ಲೇಡು ಇದೆಯೋ ಇಲ್ಲವೋ ನೋಡೋದು, ಇಲ್ಲದ ಗಾಡಿಗೆ ಕೆಲಸ ಕೊಡದೇ ಇರೋದು, ಇರೋ ಗಾಡಿಗೆ ಬ್ಲೇಡಿನ ಪಾಲು ಸೇರಿಸಿ ಬಾಡಿಗೆ ಕೊಡೋದು ಅಂತ. ಇಬ್ಬರು ಒಪ್ಪಿದರು, ಇಬ್ಬರು ನಕ್ಕರು, ಒಬ್ಬರು "ನಿಮ್ಮ ಊರಿನವನು ಅಂತ ಹೇಳ್ತೀರಿ" ಅಂದರು. ಅದೂ ನಿಜ ಇರಬಹುದು. ಮುಂದಿನ ಮೀಟಿಂಗಿನಲ್ಲಿ ಮತ್ತೆ ಕೇಳ್ತೀನಿ.

ನಿಮ್ಮ ಸೊಸೈಟಿಗೂ ಗಾಡಿ ಬರುತ್ತಲ್ಲ, ಒಂದು ಸಲ ಬಗ್ಗಿ ಬಕೆಟ್ಟಿನ ತುಟಿ ನೋಡಿ. ನಡೆಸೋ ಹುಡುಗನನ್ನ ಯಾವೂರು ಅಂತಲೂ ಕೇಳಿ.