ದೂರುವವರಿಗೂ ಹಕ್ಕಿದೆ



ನಮ್ಮ ಕೆಲಗೇರಿಯಲ್ಲಿ ಒಬ್ಬ ಖಾಲಾ ಇದ್ದಾರೆ. ಗ್ಯಾಸ್ ಸಿಲಿಂಡರ್ ಬಂದಾಗಲೆಲ್ಲ ತೂಕ ಮಾಡಿಸುತ್ತಾರೆ. ಸಿಲಿಂಡರ್ ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕಿಲೋ ಕೂಡಿಸಿ ನೋಡುತ್ತಾರೆ. ಕಡಿಮೆ ಬಂದರೆ ವಾಪಸ್ ಕಳಿಸಿ ಏಜೆನ್ಸಿಗೆ ಫೋನ್ ಮಾಡುತ್ತಾರೆ. ಕರೆಂಟ್ ಹೋದರೆ ಹೆಸ್ಕಾಂನ 1912ಕ್ಕೆ ಕರೆ ಮಾಡುವವರೂ ಅವರೇ. "ಇವರದು ಯಾವಾಗಲೂ ಇದೇ ಆಯ್ತು" ಎಂದು ಸಿಲಿಂಡರ್ ತರುವ ಹುಡುಗರು ಗೊಣಗುತ್ತಾರೆ. ಓಣಿಯ ಹೆಂಗಸರೂ ನಗುತ್ತಾರೆ. ಆದರೆ ಈಗ ಸಿಲಿಂಡರ್ ಗಾಡಿಯಲ್ಲಿ ತಕ್ಕಡಿ ತಪ್ಪದೆ ಬರುತ್ತದೆ. ಅದರ ಲಾಭ ನಕ್ಕವರಿಗೂ ಸಿಗುತ್ತಿದೆ.

ಹೀಗೆ ಪದೇ ಪದೇ ದೂರುವ ಗ್ರಾಹಕರ ಮಾತನ್ನು ಕಂಪೆನಿಗಳು ಕೇಳಬೇಕೇ?

ಒಮ್ಮೆ ಒಬ್ಬ ವ್ಯಕ್ತಿ ತನಗೆ ಬರಬೇಕಾಗಿದ್ದ ಒಂಟೆಯನ್ನು ಕೇಳಲು ಪ್ರವಾದಿಯವರ(ಸ) ಬಳಿ ಬಂದು ಒರಟಾಗಿ ಮಾತಾಡಿದನು. ಸಹಾಬಿಗಳು ಸಿಟ್ಟಾದರು. ಪ್ರವಾದಿಯವರು(ಸ) ಅವರನ್ನು ತಡೆದು, ಹಕ್ಕುದಾರನಿಗೆ ಮಾತಾಡುವ ಅಧಿಕಾರವಿದೆ ಎಂದು ತಿಳಿಸಿದರು. ಅದೇ ವಯಸ್ಸಿನ ಒಂಟೆ ಸಿಗದಾಗ ಅದಕ್ಕಿಂತ ಉತ್ತಮವಾದುದನ್ನೇ ಕೊಡಿಸಿದರು. ಬುಖಾರಿಯಲ್ಲಿ ಈ ಘಟನೆ ವರದಿಯಾಗಿದೆ. ಕೇಳುವವನ ಧಾಟಿ ಹೇಗೇ ಇರಲಿ, ಕೊಡಬೇಕಾದುದನ್ನು ಕೊಡಲೇಬೇಕು ಎಂಬ ಪಾಠ ಇದರಲ್ಲಿದೆ.

ಒಂದೇ ದೂರು ಹತ್ತು ಸಲ ಬಂದರೆ ದೂರುವವರಿಗೆ ಚಟ ಎನ್ನುವ ಮೊದಲು, ಮೊದಲ ಸಲವೇ ಏಕೆ ಸರಿಯಾಗಲಿಲ್ಲ ಎಂದು ಕಂಪೆನಿ ಕೇಳಿಕೊಳ್ಳಬೇಕು. ಕಿರಾಣಿ ಅಂಗಡಿ ಹಿಡಿಸದಿದ್ದರೆ ಬೇರೆ ಅಂಗಡಿಗೆ ಹೋಗಬಹುದು. ಆದರೆ ಧಾರವಾಡದ ಮನೆಗಳಿಗೆ ಕರೆಂಟ್ ಕೊಡುವುದು ಹೆಸ್ಕಾಂ ಒಂದೇ. ಇಂಥಲ್ಲಿ ಗ್ರಾಹಕರ ಕೈಯಲ್ಲಿ ಉಳಿಯುವುದು ದೂರು ಮಾತ್ರ. ಅದನ್ನೂ ಕೇಳದಿದ್ದರೆ ಅದು ಅನ್ಯಾಯ.

ಹಾಗೆಂದು ದೂರುವವರಿಗೆ ಹೊಣೆ ಇಲ್ಲವೆಂದಲ್ಲ. ಉಟ್ಟು ತೊಳೆದ ಸೀರೆಯನ್ನು "ಮೊದಲೇ ಹರಿದಿತ್ತು" ಎಂದು ಮರಳಿಸುವುದು ಮೋಸ. ಸಂಬಳಕ್ಕೆ ದುಡಿಯುವ ಹುಡುಗನನ್ನು ಬಯ್ಯುವುದು ಝುಲ್ಮ್. ಕಂಪೆನಿ ಎಲ್ಲರ ಮಾತನ್ನೂ ಕೇಳಬೇಕು, ಆದರೆ ಕೇಳಿದ್ದನ್ನೆಲ್ಲ ಕೊಡಬೇಕಾಗಿಲ್ಲ. ಸತ್ಯವಿದ್ದರೆ ಕೊಡಬೇಕು.

ಸಹೋದರಿಯರೇ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ "ಸಬ್ರ್ ಮಾಡು" ಎನ್ನುವುದು ರೂಢಿ. ಸಬ್ರ್ ದೊಡ್ಡ ಗುಣ, ನಿಜ. ಆದರೆ ತೂಕದ ಮೋಸವನ್ನು ನುಂಗಿಕೊಳ್ಳುವುದು ಸಬ್ರ್ ಅಲ್ಲ. ಅಳತೆಯಲ್ಲಿ ವಂಚಿಸುವವರನ್ನು ಎಚ್ಚರಿಸಲು ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, 83ನೆಯ ಅಲ್ ಮುತಫ್ಫಿಫೀನ್.

ಆದ್ದರಿಂದ ರಸೀದಿ ಜೋಪಾನವಾಗಿಡಿ. ದೂರಿನ ನಂಬರ್ ಬರೆದುಕೊಳ್ಳಿ. ಕಂಪೆನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಸತ್ಯವನ್ನು ಸೌಮ್ಯವಾಗಿ ಹೇಳಿ. ಆದರೆ ಹೇಳುವುದನ್ನು ಬಿಡಬೇಡಿ.