ಟೈಪು ಮಾಡುವ ಕೈಯೂ ದುಡಿಯುವ ಕೈಯೇ



ಸಾಂಗಲಿ, ಮಿರಜದ ಆಫೀಸುಗಳಲ್ಲಿ ಟೈಪು ಮಾಡುವ ನಮ್ಮ ಹುಡುಗಿಯರು ಕೈ ನೋವೆಂದರೆ, “ಕೂತು ಮಾಡುವ ಕೆಲಸಕ್ಕೆ ಎಂಥ ನೋವು?” ಎನ್ನುವವರುಂಟು. ಈ ಮಾತು ಸಲ್ಲದು. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವ ಕೈಗೂ ಪುಟದ ಲೆಕ್ಕದಲ್ಲಿ ಟೈಪು ಮಾಡುವ ಕೈಗೂ ಬಿಡುವಿಲ್ಲದಿರುವುದೇ ಕೇಡು. ಹಳೇ ಟೈಪ್‌ರೈಟರಿನ ಕೀಲಿ ಬಿರುಸು, ನಿಜ. ಆದರೂ ಸಾಲು ಮುಗಿದಾಗ, ಕಾಗದ ಬದಲಿಸುವಾಗ ಕೈ ಎತ್ತಲೇಬೇಕಿತ್ತು. ಕಂಪ್ಯೂಟರಿನಲ್ಲಿ ಅದೂ ಹೋಯಿತು.

ಆ ಗಡಿನಾಡಿನಲ್ಲಿ ಮರಾಠಿ, ಕನ್ನಡ ಎರಡನ್ನೂ ಟೈಪು ಮಾಡಬೇಕಾದವರು ಇನ್‌ಸ್ಕ್ರಿಪ್ಟ್ ಕಲಿಯುವುದು ಮೇಲು. ಎರಡು ಭಾಷೆಗೂ ‘ಕ’ ಒಂದೇ ಕೀಲಿಯಲ್ಲಿದೆ. ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ ಬರುವುದರಿಂದ ದುಡಿಮೆ ಹಂಚಿಹೋಗುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಕೈ ಕುದುರಿದವರು ಅದನ್ನು ಬಿಡಬೇಕಿಲ್ಲ. ಯಾವುದಾದರೂ ಸರಿ, ಬಲಗೈ ಅಕ್ಷರಕ್ಕೆ ಎಡಗೈಯಿಂದ ಶಿಫ್ಟ್ ಒತ್ತಲಿ. ಒಂದೇ ಕೈಯನ್ನು ಚಾಚಿ ಎರಡೂ ಕೆಲಸ ಮಾಡಿಸಬಾರದು.

ಕೀಲಿಮಣೆಯ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಡಿ. ಎತ್ತರಿಸಿದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಮೊಣಕೈ ಮಟ್ಟದ ಮೇಜು, ಮೆತ್ತಗೆ ಒತ್ತುವ ಕೀಲಿಮಣೆ ಇವನ್ನು ಮಾಲೀಕರೇ ಕೊಡಲಿ, ಹುಡುಗಿಯ ಸಂಬಳದಲ್ಲಿ ಹಿಡಿಯುವುದು ಬೇಡ. ಹೊಸ ಕೀಲಿಮಣೆ ಕೊಟ್ಟು ಹತ್ತು ಗಂಟೆ ಕೂರಿಸಿದರೆ ಏನು ಬಂತು? ಅರ್ಧ ಗಂಟೆಗೊಮ್ಮೆ ಕೈ ಇಳಿಸುವ ಬಿಡುವನ್ನು ಎಲ್ಲರೂ ಸೇರಿ ಕೇಳಬೇಕು. ಒಬ್ಬಳೇ ಕೇಳಿದರೆ ಮರುದಿನ ಅವಳಿಗೆ ಕೆಲಸವಿರದು.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. 1894ರಲ್ಲಿ ವಾನ್ಲೆಸ್ ಆಸ್ಪತ್ರೆ ಶುರುವಾದ ಮಿರಜ ವೈದ್ಯರ ಊರು. ಅಲ್ಲಿದ್ದೂ ತೋರಿಸದೆ ಇರಬಾರದು. ಡಾಕ್ಟರು ಕೊಟ್ಟ ಚೀಟಿಯನ್ನು ಜೋಪಾನವಾಗಿಡಿ, ಬಿಡುವು ಕೇಳುವಾಗ ಬೇಕಾಗುತ್ತದೆ.