ಒಬ್ಬರ ಕಾಯಿಲೆ, ಮನೆಯವರೆಲ್ಲರ ಪಾಡು



ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡ ಉಪಾಧ್ಯಾಯನಾದವನು ಸಾಹಿತ್ಯದ ಬಗೆಗೋ ನಾಡುನುಡಿಯ ಬಗೆಗೋ ಬರೆಯುವುದು ವಾಡಿಕೆ. ಈ ಸಲ ನಾನು ಆ ವಾಡಿಕೆಯನ್ನು ಬಿಟ್ಟು ಕಾಯಿಲೆಯ ಬಗೆಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ನನ್ನಿಂದಲೇ ಆದ ಒಂದು ತಪ್ಪು.

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗ ದಿನದಿನಕ್ಕೆ ಹಿಂದೆ ಬೀಳತೊಡಗಿದ. ಪದ್ಯ ಬಾಯಿಪಾಠವಾಗಿರುತ್ತಿರಲಿಲ್ಲ. ಮನೆಗೆಲಸದ ಪುಸ್ತಕ ಬರುತ್ತಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಬೆಂಚಿಗೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದ. ಒಂದು ದಿನ ನಾನು ತಾಳ್ಮೆಗೆಟ್ಟು ಎಲ್ಲರೆದುರಿಗೆ ಅವನನ್ನು ಸೋಮಾರಿಯೆಂದು ಜರೆದು, ತರಗತಿಯ ಹೊರಗೆ ನಿಲ್ಲಿಸಿದೆ. ಹುಡುಗ ತುಟಿಪಿಟಕ್ಕೆನ್ನದೆ ಹೋಗಿ ನಿಂತ. ನಾಲ್ಕಾರು ದಿನಗಳ ತರುವಾಯ ಅವರ ಓಣಿಯ ತಾಯಿಯೊಬ್ಬರಿಂದ ವಿಷಯ ತಿಳಿಯಿತು. ಅವನ ತಂಗಿಗೆ ರಕ್ತದ ಕ್ಯಾನ್ಸರ್. ತಂದೆತಾಯಿ ಇಬ್ಬರೂ ಮಗುವನ್ನು ಕರೆದುಕೊಂಡು ಹೈದರಾಬಾದಿನಲ್ಲಿದ್ದರು. ಮನೆಯಲ್ಲಿ ಮುದುಕಿ ಅಜ್ಜಿ, ಇವನು, ಇವನ ತಮ್ಮ. ಕೋಳಿ ಕೂಗುವ ಮೊದಲೇ ಎದ್ದು ಎಮ್ಮೆ ಹಿಂಡಿ, ನೀರು ತಂದು, ತಮ್ಮನನ್ನು ಸಿದ್ಧಮಾಡಿ ಶಾಲೆಗೆ ಬರುತ್ತಿದ್ದ ಹುಡುಗನನ್ನು ನಾನು ಸೋಮಾರಿಯೆಂದಿದ್ದೆ.

ಅವನನ್ನು ಕರೆದು, “ನನಗೆ ಯಾಕೋ ಹೇಳಲಿಲ್ಲ?” ಎಂದೆ.

“ನೀವು ಕೇಳಿಲ್ರಿ ಸರ,” ಎಂದ.

ಆ ಮಾತು ನನ್ನನ್ನು ಬಹುದಿನ ಕಾಡಿತು. ಪಾಠ ಹೇಳುವುದಕ್ಕೆ ತರಬೇತಿ ಪಡೆದ ನನಗೆ ಇಂಥ ಮನೆಯ ಮಗುವನ್ನು ಗುರುತಿಸುವುದು ತಿಳಿದಿರಲಿಲ್ಲ. ಈ ವಿಷಯವನ್ನು ಆಳವಾಗಿ ಅಭ್ಯಸಿಸಿದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿ ಓದತೊಡಗಿದೆ. ಹಾಗೆ ಓದಿದುದರ ಸಾರವನ್ನು ತಮ್ಮ ಮುಂದಿಡುತ್ತೇನೆ.

ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಅಮೆರಿಕದ ವಿದುಷಿ ಮಾನವಶಾಸ್ತ್ರವನ್ನು ಓದಿದವರು. 1970ರ ದಶಕದ ಆರಂಭದಲ್ಲಿ ಅವರು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳ ಜೊತೆಗೆ ತಿಂಗಳುಗಟ್ಟಲೆ ಕಳೆದರು. ಮೂರರಿಂದ ಒಂಬತ್ತು ವರ್ಷದೊಳಗಿನ ಕೂಸುಗಳು ಅವು. ಈಕೆ ಸೂಜಿ ಚುಚ್ಚುವವರೂ ಅಲ್ಲ, ಔಷಧಿ ಕೊಡುವವರೂ ಅಲ್ಲ. ಮಕ್ಕಳೊಡನೆ ಆಡುತ್ತ, ಚಿತ್ರ ಬರೆಯುತ್ತ, ಅವರ ಮಾತಿಗೆ ಕಿವಿಗೊಟ್ಟು ಕುಳಿತವರು. ಆ ಅಭ್ಯಾಸದ ಫಲವಾಗಿ 1978ರಲ್ಲಿ ಅವರ ಗ್ರಂಥವೊಂದು ಹೊರಬಂದಿತು.

ಆ ಕಾಲದಲ್ಲಿ ಮಕ್ಕಳಿಗೆ ಇಂಥ ರೋಗದ ನಿಜಸಂಗತಿಯನ್ನು ತಿಳಿಸುತ್ತಿರಲಿಲ್ಲ. “ಎಳೆಯ ಮಗು, ಅದಕ್ಕೇನು ತಿಳಿಯುತ್ತದೆ” ಎಂದು ಹಿರಿಯರು ನಂಬಿದ್ದರು. ಈ ವಿದುಷಿ ಕಂಡುಕೊಂಡದ್ದು ಅದಕ್ಕೆ ತೀರ ವಿರುದ್ಧವಾದ ಸಂಗತಿ. ಮಕ್ಕಳಿಗೆ ಎಲ್ಲವೂ ತಿಳಿದಿತ್ತು! ತಮ್ಮದು ದೊಡ್ಡ ಕಾಯಿಲೆಯೆಂಬುದನ್ನು ಮೊದಲು ಅರಿತರು. ಆಮೇಲೆ ಔಷಧಿಗಳ ಹೆಸರನ್ನೂ ಅವುಗಳಿಂದಾಗುವ ಬಾಧೆಯನ್ನೂ ಕಲಿತರು. ಯಾವ ಪರೀಕ್ಷೆ ಏತಕ್ಕೆಂಬುದನ್ನು ತಿಳಿದರು. ರೋಗ ಇಳಿಯುವುದು, ಮತ್ತೆ ಮರುಕಳಿಸುವುದು ಅವರ ಗಮನಕ್ಕೆ ಬಂತು. ಪಕ್ಕದ ಹಾಸಿಗೆಯ ಗೆಳೆಯ ತೀರಿಕೊಂಡಾಗ, ಆ ದಾರಿಯ ಕೊನೆಯೂ ಅವರಿಗೆ ಅರ್ಥವಾಯಿತು. ಇಷ್ಟಾದರೂ ಆ ಮಕ್ಕಳು ತಂದೆತಾಯಿಯರ ಎದುರಿಗೆ ಏನೂ ತಿಳಿಯದವರಂತೆ ಇದ್ದರು. ನಿಜವನ್ನಾಡಿದರೆ ಅವ್ವ ಅಳುತ್ತಾಳೆ, ಎದ್ದು ಹೊರಗೆ ಹೋಗುತ್ತಾಳೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಅವ್ವ ಹತ್ತಿರವೇ ಇರಲೆಂದು ಮಗು ಸುಮ್ಮನಾಯಿತು. ಮಗು ಹೆದರದಿರಲೆಂದು ಅವ್ವ ಸುಮ್ಮನಾದಳು. ಹೀಗೆ ಪ್ರೀತಿಯ ಕಾರಣದಿಂದಲೇ ಇಬ್ಬರೂ ಒಂಟಿಯಾದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ನನ್ನ ಕರ್ತವ್ಯ. ಅದು ಈ ರೋಗಕ್ಕೆ ತುತ್ತಾದ ಮಕ್ಕಳಲ್ಲಿ ಬಹುಪಾಲು ಉಳಿಯದಿದ್ದ ಕಾಲ. ಇಂದು ಹಾಗಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡು ಮೂರು ವರ್ಷಗಳ ದೀರ್ಘ ಚಿಕಿತ್ಸೆ ಇದೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ತಗುಲಿದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಆದುದರಿಂದ ಮಗುವಿಗೆ ನಿಜ ಹೇಳುವುದೆಂದರೆ ಸಾವಿನ ಸುದ್ದಿ ಹೇಳುವುದೆಂದು ಯಾರೂ ತಿಳಿಯಬಾರದು. “ನಿನಗೆ ದೊಡ್ಡ ಕಾಯಿಲೆ ಬಂದಿದೆ. ಇದು ನಿನ್ನ ತಪ್ಪಲ್ಲ. ಔಷಧಿ ಬಹಳ ದಿನ ಬೇಕು, ನಾವು ನಿನ್ನ ಜೊತೆಗೇ ಇರುತ್ತೇವೆ” ಎಂದು ಅದರ ವಯಸ್ಸಿಗೆ ತಕ್ಕಂತೆ ಹೇಳಿ, ಅದು ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಟ್ಟರೆ ಸಾಕು.

ಅದೇ ವಿದುಷಿ ಮುಂದೆ, ಶ್ವಾಸಕೋಶವನ್ನು ಕೆಡಿಸುವ ಒಂದು ವಂಶಪಾರಂಪರ್ಯ ರೋಗವುಳ್ಳ ಮಕ್ಕಳ ಮನೆಗಳಿಗೆ ಹೋಗಿ ಅಭ್ಯಾಸ ನಡೆಸಿ, 1996ರಲ್ಲಿ ಇನ್ನೊಂದು ಗ್ರಂಥ ಬರೆದರು. ಈ ಸಲ ಅವರು ಕಣ್ಣಿಟ್ಟದ್ದು ತಂದೆತಾಯಿಯರ ಮೇಲೆ, ವಿಶೇಷವಾಗಿ ಆ ಮನೆಯ ಆರೋಗ್ಯವಂತ ಅಣ್ಣ ತಮ್ಮ, ಅಕ್ಕ ತಂಗಿಯರ ಮೇಲೆ. ಮನೆಯವರು ಔಷಧೋಪಚಾರವನ್ನು ಅಡುಗೆ, ಸ್ನಾನಗಳಂತೆ ದಿನಚರಿಯ ಒಂದು ಭಾಗವಾಗಿ ಮಾಡಿಕೊಂಡು, ಉಳಿದ ಬಾಳು ಎಂದಿನಂತೆ ಸಾಗಲೆಂದು ಹೆಣಗುವುದನ್ನು ಅವರು ಕಂಡರು. ರೋಗ ಬಲಿಯುತ್ತ ಹೋದಂತೆ ತಂದೆತಾಯಿಯರ ಗಮನವೆಲ್ಲ ರೋಗಿಯ ಕಡೆಗೇ ಹರಿದು, ಇತರ ಮಕ್ಕಳ ಪಾಲಿಗೆ ಉಳಿಯುವುದು ಕಡಿಮೆಯಾಗುತ್ತಿತ್ತು. ‘ಅಳದಿದ್ದರೆ ಅವ್ವನೂ ಹಾಲು ಕೊಡಳು’ ಎಂಬ ಗಾದೆ ನಮ್ಮಲ್ಲುಂಟು. ಇಂಥ ಮನೆಯ ಆರೋಗ್ಯವಂತ ಮಗು ಅಳುವುದೇ ಇಲ್ಲ. ಅಳುವುದಕ್ಕೆ ತನಗೆ ಹಕ್ಕಿಲ್ಲವೆಂದು ಅದು ತಿಳಿದಿರುತ್ತದೆ. ನಾನು ಹೊರಗೆ ನಿಲ್ಲಿಸಿದ ಹುಡುಗ ಅಂಥವನು.

ಇದು ಪರದೇಶದ ಮಾತಾಯಿತೆಂದು ಯಾರೂ ಅನ್ನಬಾರದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಡಾ. ಸತೀಶ್ ಗಿರಿಮಾಜಿ ಮತ್ತು ಅವರ ಸಹೋದ್ಯೋಗಿಗಳು ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳ ಮನೆಯವರನ್ನು ಕುರಿತು ಅಭ್ಯಾಸ ಮಾಡಿದರು. ಅದು ಬೇರೆ ಬಗೆಯ ತೊಂದರೆಯೇ ಸರಿ. ಆದರೆ ಮನೆಯ ಮೇಲೆ ಬೀಳುವ ಭಾರ ಬಹುಮಟ್ಟಿಗೆ ಒಂದೇ. ಆ ಭಾರವನ್ನು ಅಳೆಯಲು ಮನೆಯವರನ್ನು ಯಾವ ಪ್ರಶ್ನೆ ಕೇಳಬೇಕೆಂಬ ಕ್ರಮವನ್ನು ಅವರು ರೂಪಿಸಿ 1999ರಲ್ಲಿ ಪ್ರಕಟಿಸಿದರು. ದಿನನಿತ್ಯದ ಆರೈಕೆಯ ದಣಿವು, ಮನಸ್ಸಿನ ನೋವು, ಸಮಾಜದಲ್ಲಿ ಆಗುವ ತೊಡಕು, ಹಣದ ಮುಗ್ಗಟ್ಟು, ಈ ನಾಲ್ಕನ್ನೂ ಅವರು ಕೇಳಿದರು. ಭಾರವನ್ನು ತಾಳಿಕೊಳ್ಳಲು ನೆರವಾಗುವುದು ಯಾವುದೆಂದೂ ಕೇಳಿದರು. ಮನೆಯವರಿಗಿರುವ ತಿಳಿವಳಿಕೆ, ಅವರ ಮನೋಭಾವ, ಸುತ್ತಲಿನವರ ಆಸರೆ, ಇವೆಲ್ಲ ಆ ಲೆಕ್ಕದಲ್ಲಿ ಸೇರಿದ್ದವು. ಸುತ್ತಲಿನವರೆಂದರೆ ಯಾರು? ನಾವೇ ಅಲ್ಲವೇ?

ಈ ಆಸರೆಯನ್ನು ಬರಿಯ ಕರುಣೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಇದು ಚಿಕಿತ್ಸೆಯ ಒಂದು ಭಾಗ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 2030ರ ಹೊತ್ತಿಗೆ ಜಗತ್ತಿನಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಅರವತ್ತು ಮಂದಿಯಾದರೂ ಉಳಿಯಬೇಕೆಂಬ ಗುರಿಯನ್ನಿಟ್ಟುಕೊಂಡಿತು. ಬಡ ದೇಶಗಳಲ್ಲಿ ಅಷ್ಟು ಮಕ್ಕಳು ಉಳಿಯದಿರುವುದಕ್ಕೆ ಹಲವು ಕಾರಣಗಳು. ರೋಗ ತಡವಾಗಿ ಗೊತ್ತಾಗುವುದೊಂದು, ಔಷಧಿ ದೊರೆಯದಿರುವುದೊಂದು, ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಬಿಡುವುದು ಇನ್ನೊಂದು. ನಡುವೆ ಬಿಡುವುದೇಕೆ? ಕೂಲಿ ತಪ್ಪುತ್ತದೆ. ಸಾಲ ಬೆಳೆಯುತ್ತದೆ. ಹಿಂದೆ ಉಳಿದ ಮಕ್ಕಳನ್ನು ನೋಡುವವರಿಲ್ಲ. ಮಗು ಸ್ವಲ್ಪ ಗೆಲುವಾದೊಡನೆ “ಆರಾಮಾತು” ಎಂದು ಊರಿಗೆ ಮರಳಿ ಬಿಡುತ್ತಾರೆ. ಮನೆ ಕುಸಿದರೆ ಔಷಧಿ ನಿಲ್ಲುತ್ತದೆ. ಔಷಧಿ ನಿಂತರೆ ರೋಗ ಮತ್ತೆ ತಲೆಯೆತ್ತುತ್ತದೆ. ಆದುದರಿಂದ ಆ ಮನೆಯನ್ನು ಎತ್ತಿ ಹಿಡಿದವರು ಆ ಮಗುವನ್ನು ಎತ್ತಿ ಹಿಡಿದಂತೆಯೇ ಸರಿ.

ನಮ್ಮ ಕೊತ್ತಪಲ್ಲಿಯ ಕಡೆಯವರ ಪಾಡನ್ನು ನೋಡೋಣ. ದೊಡ್ಡ ಕಾಯಿಲೆಯೆಂದರೆ ಹೈದರಾಬಾದಿಗೆ ಹೋಗಬೇಕು, ಇಲ್ಲವೆ ಬೆಂಗಳೂರಿಗೆ. ಹೈದರಾಬಾದಿನ ರೆಡ್ ಹಿಲ್ಸಿನಲ್ಲಿ ಎಂ. ಎನ್. ಜೆ. ಕ್ಯಾನ್ಸರ್ ಆಸ್ಪತ್ರೆ ಇದೆ; ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಿನ ರೈಲು ಮಾರ್ಗ ಉದ್ಘಾಟನೆಯಾಗಿ, ರಾಯಚೂರಿನಿಂದ ಕೃಷ್ಣಾ ಮೂಲಕ ಕಾಚಿಗುಡಕ್ಕೆ ರೈಲು ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿಯನ್ನು ಐದು ಲಕ್ಷದಿಂದ ಹತ್ತು ಲಕ್ಷ ರೂಪಾಯಿಗೆ ಏರಿಸಲಾಯಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ತಂದೆಗೆ ತಪ್ಪಿದ ಕೂಲಿಯನ್ನು ಆ ಕಾರ್ಡು ತುಂಬಿಕೊಡುವುದಿಲ್ಲ. ಊರಿನಲ್ಲುಳಿದ ಮಕ್ಕಳ ತಲೆ ಬಾಚುವುದಿಲ್ಲ. ಜೊತೆಗೆ ಗಡಿನಾಡಿನವರಾದ ನಮಗೆ ಇನ್ನೊಂದು ಕಷ್ಟ. ನಾವು ಮನೆಯಲ್ಲಿ ಆಡುವುದು ಕನ್ನಡ. ಅಲ್ಲಿಯ ಮಾತು ತೆಲುಗು, ಉರ್ದು. ಚೀಟಿ ಬರೆಯುವುದು ಇಂಗ್ಲಿಷಿನಲ್ಲಿ. ಮುಂದಿನ ಸರದಿ ಯಾವ ತಾರೀಖಿಗೆ, ಯಾವ ಗುಳಿಗೆ ಎಷ್ಟು ದಿನ ಎಂಬುದೇ ತಿಳಿಯದೆ ತಾಯಂದಿರು ತೊಳಲುತ್ತಾರೆ.

ಹೀಗಿರುವಾಗ ನಾವು ಮಾಡಬಹುದಾದುದೇನು?

ವಿದ್ಯಾರ್ಥಿಗಳೇ, ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಔಷಧಿಯಿಂದ ಕೂದಲು ಉದುರಿದ ಗೆಳತಿಯನ್ನು ನೋಡಿ ನಗಬೇಡಿ, ದೂರ ಸರಿಯಬೇಡಿ. ನಿಜವಾಗಿ ಭಯವಿರುವುದು ನಮ್ಮಿಂದ ಅವರಿಗೆ. ಚಿಕಿತ್ಸೆಯ ಕಾಲದಲ್ಲಿ ಅವರ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಆದ್ದರಿಂದ ನೆಗಡಿ, ಜ್ವರ, ಅಮ್ಮ ಎದ್ದಿರುವವರು ಹತ್ತಿರ ಹೋಗಕೂಡದು. ಆದರೆ ಪಾಠದ ಟಿಪ್ಪಣಿ ಬರೆದು ಕಳುಹಿಸಬಹುದು, ಫೋನಿನಲ್ಲಿ ಮಾತಾಡಿಸಬಹುದು. ತರಗತಿಯಲ್ಲಿ ಅವರ ಸ್ಥಳವನ್ನು ಅವರದೇ ಎಂದು ಕಾದಿರಿಸಬಹುದು. ಅವರ ಅಣ್ಣನೋ ತಂಗಿಯೋ ನಿಮ್ಮ ಶಾಲೆಯಲ್ಲಿದ್ದರೆ, “ನಿನ್ನ ತಮ್ಮ ಹೇಗಿದ್ದಾನೆ?” ಎಂದು ಕೇಳಿ ಸುಮ್ಮನಾಗಬೇಡಿ. “ನೀನು ಹೇಗಿದ್ದೀ? ಊಟ ಆಯಿತೇ?” ಎಂದೂ ಕೇಳಿರಿ.

ಪೋಷಕ ಬಂಧುಗಳೇ, ಅಂಥ ಮನೆಗೆ ಹೋದಾಗ “ಯಾವ ಜನ್ಮದ ಪಾಪವೋ” ಎಂಬ ಮಾತು ತಮ್ಮ ಬಾಯಿಂದ ಬರದಿರಲಿ. ಆ ತಾಯಿ ಆ ಮಾತನ್ನು ಈಗಾಗಲೇ ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡಿರುತ್ತಾಳೆ. ಬದಲಿಗೆ ಎರಡು ರೊಟ್ಟಿ ಹೆಚ್ಚು ಬಡಿದು ಆ ಮನೆಯ ಮಕ್ಕಳಿಗೆ ಕೊಡಿರಿ, ಎಮ್ಮೆಗೆ ಮೇವು ಹಾಕಿರಿ. ಹದಿನೆಂಟು ತುಂಬಿದ ಆರೋಗ್ಯವಂತರು ರಕ್ತ ಕೊಡಬಹುದು. ಈ ಚಿಕಿತ್ಸೆಯಲ್ಲಿ ಅದು ಮೇಲಿಂದ ಮೇಲೆ ಬೇಕಾಗುತ್ತದೆ. ತಮ್ಮ ಮನೆಗೇ ಇಂಥ ಕಷ್ಟ ಬಂದಿದ್ದರೆ ದಯವಿಟ್ಟು ಶಾಲೆಗೆ ತಿಳಿಸಿರಿ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಇಂಗ್ಲಿಷ್, ತೆಲುಗು ಬಲ್ಲ ಉಪಾಧ್ಯಾಯರಾದ ನಾವು ಆ ಚೀಟಿಗಳನ್ನು ಓದಿ ಕನ್ನಡದಲ್ಲಿ ಬರೆದುಕೊಡುವುದು ನಮಗೆ ದೊಡ್ಡ ಕೆಲಸವಲ್ಲ.

ಇನ್ನು ಉಪಾಧ್ಯಾಯರು. ನನ್ನ ವೃತ್ತಿಬಾಂಧವರಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ನಾನು ಈಗ ಪಾಲಿಸುತ್ತಿರುವ ಒಂದು ನಿಯಮವನ್ನಷ್ಟೇ ಹೇಳುತ್ತೇನೆ. ಯಾವ ಮಗುವಾದರೂ ಮೂರು ದಿನ ಮನೆಗೆಲಸ ತರದಿದ್ದರೆ, ಬೈಯುವುದಕ್ಕೆ ಮೊದಲು ಅದನ್ನು ಒಂದು ಕಡೆ ಕರೆದು ಮನೆಯ ಸುದ್ದಿ ಕೇಳುತ್ತೇನೆ.

ಆ ಹುಡುಗನ ತಂಗಿಯ ಚಿಕಿತ್ಸೆ ಮುಗಿದಿದೆ. ಈಗ ತಪಾಸಣೆಗೆ ಮಾತ್ರ ಹೋಗಿಬರುತ್ತಾಳೆ. ಕೂದಲು ಮತ್ತೆ ಬೆಳೆದಿದೆ, ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಅಣ್ಣ ಹತ್ತನೆಯ ತರಗತಿಯ ಪರೀಕ್ಷೆಯನ್ನು ಒಂದು ವರ್ಷ ತಡವಾಗಿ ಬರೆದ. ಅವನ ಆ ಒಂದು ವರ್ಷ ಆಸ್ಪತ್ರೆಯ ಯಾವ ಚೀಟಿಯಲ್ಲಿಯೂ ದಾಖಲಾಗಿಲ್ಲ. ಅದರ ಲೆಕ್ಕವನ್ನು ಇಡಬೇಕಾದವರು ನಾವು. ಇನ್ನೊಂದು ಮಗು “ನೀವು ಕೇಳಿಲ್ರಿ ಸರ” ಎನ್ನುವ ಪ್ರಸಂಗ ನಮ್ಮ ಶಾಲೆಯಲ್ಲಿ ಬಾರದಿರಲಿ.